ಮೀನಿನ ತೊಟ್ಟಿಯ ಕೆಳಗೆ ಏನಿದೆ?

ಚಿಂತಾಮಣಿಯ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಮನೆಗಳ ಮೇಲೆ ಕಪ್ಪು ಸಿಂಟೆಕ್ಸ್ ತೊಟ್ಟಿಗಳು ಕಾಣುತ್ತವೆ. ನಲ್ಲಿ ನೀರನ್ನು ನಂಬಿ ಕೂರಲಾಗದ, ಬೇಸಿಗೆ ಬಂತೆಂದರೆ ಟ್ಯಾಂಕರ್‌ಗೆ ಫೋನ್ ಮಾಡುವ ಊರುಗಳಿವು. ಶಿಡ್ಲಘಟ್ಟವಾಗಲಿ, ಗೌರಿಬಿದನೂರಾಗಲಿ, ಚಿಕ್ಕಬಳ್ಳಾಪುರವಾಗಲಿ, ಸಾವಿರ ಲೀಟರ್ ನೀರನ್ನು ನೆತ್ತಿಯ ಮೇಲೆ ಹೊತ್ತ ಮನೆಗಳಿಗೆ ಕಡಿಮೆಯಿಲ್ಲ. ಆ ತೊಟ್ಟಿಗಳನ್ನು ಎಲ್ಲಿ ಕೂರಿಸಿದ್ದಾರೆ ಎಂಬುದನ್ನು ಗಮನಿಸಿ ನೋಡಿ. ತಾರಸಿಯ ನಟ್ಟನಡುವೆ ಇಟ್ಟಿರುವುದು ಅಪರೂಪ. ಹೆಚ್ಚಿನವು ಮೆಟ್ಟಿಲುಕೋಣೆಯ ಮೇಲಿರುತ್ತವೆ, ಇಲ್ಲವೇ ಎರಡು ಗೋಡೆ ಕೂಡುವ ಮೂಲೆಯಲ್ಲಿ ಇಟ್ಟಿಗೆಯ ಗಿಡ್ಡ ಕಂಬಗಳ ಮೇಲಿರುತ್ತವೆ. ನಕ್ಷೆ, ಲೆಕ್ಕ ಯಾವುದೂ ಕೈಯಲ್ಲಿಲ್ಲದ ಮೇಸ್ತ್ರಿ ಕೂಡ ‘ಕೆಳಗೆ ಗೋಡೆ ಐತಾ?’ ಎಂದು ಕೇಳಿಯೇ ಜಾಗ ತೋರಿಸಿರುತ್ತಾರೆ.

ಅದೇ ಮನೆಯ ಮಹಡಿಯ ಹಾಲ್‌ಗೆ ಆರಡಿ ಉದ್ದದ ಅಕ್ವೇರಿಯಂ ಬರುವಾಗ ಮಾತ್ರ ಆ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಸೋಫಾಕ್ಕೆ ಎದುರಾಗಿ ಕಾಣಬೇಕು, ಪ್ಲಗ್ ಪಾಯಿಂಟ್ ಹತ್ತಿರವಿರಬೇಕು, ವಾಸ್ತು ಪ್ರಕಾರ ಈಶಾನ್ಯಕ್ಕೆ ಬರಬೇಕು. ಇವಿಷ್ಟು ಹೊಂದಿದರೆ ಜಾಗ ಗೊತ್ತಾದಂತೆ. ಮೀನು ಸಾಕುವ ಹವ್ಯಾಸ ನಮ್ಮ ಚಿಕ್ಕಬಳ್ಳಾಪುರ ಸೀಮೆಯ ಮನೆಗಳಿಗೂ ಬಂದಿದೆ. ಮೊದಲು ಎರಡಡಿಯ ಗಾಜಿನ ಪೆಟ್ಟಿಗೆ, ನಾಲ್ಕು ಗೋಲ್ಡ್‌ಫಿಶ್. ಆಮೇಲೆ ಆಸ್ಕರ್, ಫ್ಲವರ್‌ಹಾರ್ನ್. ಕೈಯಲ್ಲಿ ದುಡ್ಡಾಡಿದಾಗ ಅರೋವಾನ. ಅರೋವಾನ ಬೆಳೆಯುವ ಮೀನು. ಅದಕ್ಕೆ ಆರಡಿಗಿಂತ ಚಿಕ್ಕ ತೊಟ್ಟಿ ಹಿಂಸೆ. ಹೀಗೆ ಮೀನಿನ ಜೊತೆ ತೊಟ್ಟಿಯೂ ಬೆಳೆಯುತ್ತದೆ, ಮನೆಯ ನೆಲ ಮಾತ್ರ ಕಟ್ಟಿದ ದಿನ ಎಷ್ಟಿತ್ತೋ ಅಷ್ಟೇ.

ತೂಕದ ಲೆಕ್ಕ ಕಷ್ಟದ್ದಲ್ಲ. ಒಂದು ಲೀಟರ್ ನೀರು ಒಂದು ಕೆ.ಜಿ. ಒಂದು ಘನ ಅಡಿಯಲ್ಲಿ 28.3 ಲೀಟರ್ ಹಿಡಿಯುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯೆಂದರೆ 24 ಘನ ಅಡಿ, ಅಂದರೆ ಸುಮಾರು 680 ಲೀಟರ್. ಅಂಚಿನವರೆಗೆ ಯಾರೂ ತುಂಬುವುದಿಲ್ಲ, ಮರಳು ಒಂದಿಷ್ಟು ಜಾಗ ತಿನ್ನುತ್ತದೆ, ಹಾಗಾಗಿ ನೀರು 590 ಕೆ.ಜಿ. ಎನ್ನೋಣ. 12 ಮಿಲಿಮೀಟರ್ ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುತ್ತದೆ; ಈ ಅಳತೆಗೆ ಗಾಜೇ 120 ಕೆ.ಜಿ. ದಾಟುತ್ತದೆ. ಎರಡು ಇಂಚು ಮರಳು ಹರಡಿದರೆ 85 ಕೆ.ಜಿ., ಅಲಂಕಾರದ ಕಲ್ಲು 40, ಕಬ್ಬಿಣದ ಸ್ಟ್ಯಾಂಡ್ 80. ಒಟ್ಟು 900 ಕೆ.ಜಿ. ಮೀರಿತು. ಕೆಳಗೆ ಫಿಲ್ಟರ್‌ಗೆಂದು ಇನ್ನೊಂದು ಚಿಕ್ಕ ತೊಟ್ಟಿ ಸೇರಿಸಿದರೆ ಟನ್ ದಾಟುತ್ತದೆ. ಇಷ್ಟೂ ಭಾರ ಕೂರುವುದು 12 ಚದರ ಅಡಿ ಜಾಗದಲ್ಲಿ.

ಎರಡಡಿಯ ಚಿಕ್ಕ ತೊಟ್ಟಿ ಇಟ್ಟವರು ಇದನ್ನೋದಿ ಗಾಬರಿಯಾಗಬೇಕಿಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸ್ಟ್ಯಾಂಡ್ ಸಮೇತ 90 ಕೆ.ಜಿ. ಒಳಗೇ ಇರುತ್ತದೆ. ನಾಲ್ಕಡಿಯದು, ಒಂದೂವರೆ ಅಡಿ ಅಗಲ ಮತ್ತು ಎತ್ತರವಿದ್ದರೆ, 350 ಕೆ.ಜಿ. ಆಸುಪಾಸು. ಒಳ್ಳೆಯ ಆರ್‌ಸಿಸಿ ಮಹಡಿಗೆ ಅದೂ ಭಾರವಲ್ಲ. ಪ್ರಶ್ನೆ ಹುಟ್ಟುವುದು ಐದಡಿ, ಆರಡಿ ದಾಟಿದಾಗ, ಮತ್ತು ಮನೆ ಹಳೆಯದಾಗಿದ್ದಾಗ.

ಮನೆಯ ಕೋಣೆಗಳ ನೆಲ ಎಷ್ಟು ಭಾರ ಹೊರುವಂತೆ ಕಟ್ಟಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಬರೆದಿಟ್ಟ ನಿಯಮವಿದೆ. ಐಎಸ್ 875 ಸಂಹಿತೆಯ ಎರಡನೇ ಭಾಗ, 1987ರದ್ದು. ವಾಸದ ಮನೆಯ ಕೋಣೆಗೆ ಅದು ಹೇಳುವುದು ಚದರ ಮೀಟರಿಗೆ 2 ಕಿಲೋನ್ಯೂಟನ್, ನಮ್ಮ ತೂಕದ ಭಾಷೆಯಲ್ಲಿ ಸುಮಾರು 200 ಕೆ.ಜಿ. ಇದನ್ನು ನೀರಿಗೆ ಹೊಂದಿಸಿ ನೋಡಿದರೆ ಎದೆ ಜುಮ್ಮೆನ್ನುತ್ತದೆ: 20 ಸೆಂಟಿಮೀಟರ್, ಅಂದರೆ ಎಂಟು ಇಂಚು ನೀರು ನಿಂತರೆ ಚದರ ಮೀಟರಿಗೆ 200 ಕೆ.ಜಿ. ಆಗಿಹೋಯಿತು. ನಮ್ಮ ತೊಟ್ಟಿಯಲ್ಲಿ ನಿಂತಿರುವುದು ಎರಡಡಿ. ಗಾಜು, ಮರಳು, ಸ್ಟ್ಯಾಂಡ್ ಸೇರಿಸಿ ಭಾಗಿಸಿದರೆ ತೊಟ್ಟಿಯ ಅಡಿಯಲ್ಲಿ ಚದರ ಮೀಟರಿಗೆ 820 ಕೆ.ಜಿ. ಸುಮಾರು ಬೀಳುತ್ತದೆ, ನಿಯಮದ ನಾಲ್ಕು ಪಟ್ಟು.

ಇಲ್ಲಿಗೇ ನಿಲ್ಲಿಸಿ ‘ಮಹಡಿಯಲ್ಲಿ ಅಕ್ವೇರಿಯಂ ಬೇಡವೇ ಬೇಡ’ ಎಂದು ತೀರ್ಪು ಕೊಡುವವರಿದ್ದಾರೆ. ಅದು ಅರ್ಧ ಲೆಕ್ಕ. 200 ಕೆ.ಜಿ. ಎನ್ನುವುದು ಕೋಣೆಯ ಪ್ರತಿ ಚದರ ಮೀಟರಿನ ಮೇಲೂ ಒಟ್ಟಿಗೇ ಹೇರಿದರೂ ತಡೆಯಬೇಕಾದ ಭಾರ. ಹತ್ತಡಿಗೆ ಹನ್ನೆರಡಡಿ ಕೋಣೆಯೆಂದರೆ 11 ಚದರ ಮೀಟರ್ ಚಿಲ್ಲರೆ; ಒಟ್ಟು 2,200 ಕೆ.ಜಿ. ಹೊರುವಂತೆ ಅದನ್ನು ಕಟ್ಟಿರಬೇಕು. ತೊಟ್ಟಿಯ ಭಾರ ಅದರ ಅರ್ಧಕ್ಕೂ ಕಡಿಮೆ. ಎಷ್ಟು ಭಾರ ಎಂಬುದಕ್ಕಿಂತ ಅದು ಎಲ್ಲಿ ಕೂತಿದೆ, ಅಲ್ಲಿಂದ ಯಾವ ದಾರಿಯಲ್ಲಿ ಭೂಮಿಗೆ ಇಳಿಯುತ್ತದೆ ಎಂಬುದೇ ಮುಖ್ಯ. ಮೇಸ್ತ್ರಿ ಕೇಳಿದ ಪ್ರಶ್ನೆಯೂ ಇದೇ ಆಗಿತ್ತು.

ಎರಡು ಕಲ್ಲಿನ ಮೇಲೆ ಒಂದು ಹಲಗೆ ಇಟ್ಟು ಅದರ ನಡುವೆ ನಿಂತರೆ ಹಲಗೆ ಬಾಗುತ್ತದೆ, ಕಲ್ಲಿನ ಪಕ್ಕಕ್ಕೆ ಸರಿದು ನಿಂತರೆ ಅಷ್ಟಾಗಿ ಬಾಗುವುದಿಲ್ಲ. ಸ್ಲ್ಯಾಬಿನ ಕಥೆಯೂ ಹಾಗೆಯೇ. ಮೂರು ಮೀಟರ್ ಅಗಲದ ಕೋಣೆ, ಎದುರುಬದುರು ಎರಡು ಗೋಡೆಗಳ ಮೇಲೆ ಕೂತ ಸ್ಲ್ಯಾಬ್ ಎಂದಿಟ್ಟುಕೊಳ್ಳಿ. ನಿಯಮದ 200 ಕೆ.ಜಿ. ಇಡೀ ಕೋಣೆಯ ಮೇಲೆ ಹೇರಿದಾಗ ಸ್ಲ್ಯಾಬನ್ನು ಬಾಗಿಸುವ ಬಲವನ್ನು ನೂರು ಎಂದು ಹಿಡಿಯೋಣ. ನಮ್ಮ ಆರಡಿ ತೊಟ್ಟಿಯನ್ನು ಆ ಗೋಡೆಗಳಿಗೆ ಸಮಾನಾಂತರವಾಗಿ ಕೋಣೆಯ ನಡುವೆ ಇಟ್ಟರೆ ಅದರ ಅಡಿಯ ಪಟ್ಟಿಯಲ್ಲಿ ಬಾಗಿಸುವ ಬಲ ನೂರೈವತ್ತು. ಅದೇ ತೊಟ್ಟಿಯನ್ನು ಸ್ಲ್ಯಾಬ್ ಹೊತ್ತ ಗೋಡೆಗೆ ಒತ್ತಿ ಇಟ್ಟರೆ ಅರವತ್ತು. ತೂಕ ಒಂದು ಗ್ರಾಂ ಕೂಡ ಬದಲಾಗಿಲ್ಲ, ಬದಲಾಗಿದ್ದು ನಾಲ್ಕಡಿ ಜಾಗ ಅಷ್ಟೇ. ನಡುಮನೆಯಲ್ಲಿ ಹಾಲ್ ಮತ್ತು ಊಟದ ಕೋಣೆಗಳ ನಡುವೆ ತೆರೆಯಂತೆ ಅಕ್ವೇರಿಯಂ ನಿಲ್ಲಿಸುವ ಅಲಂಕಾರ ಈಗ ಪಟ್ಟಣಗಳಲ್ಲಿ ಶುರುವಾಗಿದೆ. ನೋಡಲು ಸೊಗಸು, ಆದರೆ ಮಹಡಿಯಲ್ಲಿ ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಕೆಳಗೆ ತೊಲೆ ಇದೆಯೆಂದು ಕಣ್ಣಾರೆ ಕಂಡಿದ್ದರೆ ಮಾತ್ರ ಆ ಯೋಚನೆ ಮಾಡಬಹುದು.

ಗೋಡೆಗೆ ಒತ್ತಿ ಇಡಿ ಎಂದಾಗ ಯಾವ ಗೋಡೆ ಎಂದೂ ಕೇಳಬೇಕು. ಭಾರ ಹೊರುವ ಗೋಡೆ ಒಂಬತ್ತು ಇಂಚಿನದು, ಪಾಯದಿಂದ ಎದ್ದುಬಂದದ್ದು. ಕಂಬ-ತೊಲೆಯ ಮನೆಯಲ್ಲಾದರೆ ಅಡಿಯಲ್ಲಿ ತೊಲೆ ಇರುವ ಗೋಡೆ. ಕೋಣೆ ವಿಭಾಗಿಸಲು ಮಹಡಿಯಲ್ಲಿ ಆಮೇಲೆ ಎಬ್ಬಿಸಿದ ನಾಲ್ಕೂವರೆ ಇಂಚಿನ ಗೋಡೆ ಏನನ್ನೂ ಹೊರುವುದಿಲ್ಲ, ಅದೇ ಸ್ಲ್ಯಾಬಿಗೆ ಹೊರೆ. ಆರಡಿ ಉದ್ದ, ಹತ್ತಡಿ ಎತ್ತರದ ಅಂಥ ಇಟ್ಟಿಗೆ ಗೋಡೆ, ಗಾರೆ ಬಿಟ್ಟು, 1,200 ಕೆ.ಜಿ. ತೂಗುತ್ತದೆ. ನಮ್ಮ ಅಕ್ವೇರಿಯಂಗಿಂತ ಹೆಚ್ಚು! ‘ಬಾಡಿಗೆಗೆ ಇನ್ನೊಂದು ರೂಮು ಆಗುತ್ತೆ’ ಎಂದು ತೊಲೆಯಿಲ್ಲದ ಕಡೆ ಗೋಡೆ ಎಬ್ಬಿಸಿದ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಗೋಡೆಯ ಪಕ್ಕದಲ್ಲೇ ತೊಟ್ಟಿ ನಿಲ್ಲಿಸಿದರೆ ಒಂದೇ ಪಟ್ಟಿಯ ಮೇಲೆ ಎರಡು ಟನ್. ಕೆಳಮನೆಗೆ ಹೋಗಿ ಸೂರು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗೋಡೆಯ ನೇರಕ್ಕೆ ತೊಲೆ ಕೆಳಗಿಳಿದು ಕಾಣುತ್ತಿದೆಯೇ? ಕೆಳಗಿನ ಗೋಡೆಯ ಮೇಲೇ ಮೇಲಿನ ಗೋಡೆ ಬಂದಿದೆಯೇ? ಕೋಣೆ ಹೆಚ್ಚುಕಡಿಮೆ ಚೌಕವಾಗಿದ್ದರೆ ಸ್ಲ್ಯಾಬಿನ ಭಾರ ನಾಲ್ಕೂ ಗೋಡೆಗಳಿಗೆ ಹಂಚಿಹೋಗುತ್ತದೆ, ಆಗ ಮೂಲೆಯೇ ಎಲ್ಲಕ್ಕಿಂತ ಒಳ್ಳೆಯ ಜಾಗ. ಉದ್ದನೆಯ ಕೋಣೆಯಾದರೆ ಉದ್ದದ ಗೋಡೆಗಳೇ ಭಾರ ಹೊರುವವು.

ಮುಂದಕ್ಕೆ ಚಾಚಿದ ಮಹಡಿಯದು ಬೇರೆಯದೇ ಸಂಗತಿ. 20x30, 30x40 ನಿವೇಶನಗಳಲ್ಲಿ ಕೆಳಗೆ ಜಾಗ ಸಾಲದೆ ಮೇಲಿನ ಅಂತಸ್ತನ್ನು ರಸ್ತೆಯ ಕಡೆಗೆ ಎರಡು ಮೂರು ಅಡಿ ಹೊರಗೆ ತೆಗೆದಿರುತ್ತಾರೆ. ಹಾಲ್‌ನೊಳಗೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ, ನೆಲ ಒಂದೇ ಸಮ ಕಾಣುತ್ತದೆ. ಕಿಟಕಿ ಪಕ್ಕ, ರಸ್ತೆ ಕಡೆಯ ಗೋಡೆಗೆ ಒತ್ತಿ ತೊಟ್ಟಿ ಇಟ್ಟವರು ಗಟ್ಟಿ ಜಾಗ ಆರಿಸಿದೆವೆಂದು ನಂಬಿರುತ್ತಾರೆ, ಇಟ್ಟಿರುವುದು ಗಾಳಿಯಲ್ಲಿ ತೂಗುವ ಅಂಚಿನ ಮೇಲೆ. ಹೀಗೆ ಚಾಚಿದ ಸ್ಲ್ಯಾಬಿನಲ್ಲಿ ಕಂಬಿ ಮೇಲ್ಭಾಗದಲ್ಲಿರಬೇಕು. ಕಾಂಕ್ರೀಟ್ ಹಾಕುವ ದಿನ ಬಾಂಡಲಿ ಹೊತ್ತು ಓಡಾಡುವವರ ಕಾಲಡಿ ಅದು ಕೆಳಕ್ಕೆ ಕುಸಿದಿದ್ದರೆ ಆ ಅಂಚಿನ ಬಲ ಅಷ್ಟಕ್ಕೇ ಮುಗಿಯಿತು. ಅದನ್ನು ಆಮೇಲೆ ಕಣ್ಣಿನಿಂದ ಕಂಡುಹಿಡಿಯಲಾಗದು. ಬಾಲ್ಕನಿಗೆ ಸಂಹಿತೆ ಹೆಚ್ಚಿನ ಭಾರವನ್ನೇ, ಚದರ ಮೀಟರಿಗೆ 300 ಕೆ.ಜಿ., ನಿಗದಿ ಮಾಡಿದೆ. ಆದರೂ ಚಾಚಿದ ಭಾಗದ ಮೇಲೆ ದೊಡ್ಡ ತೊಟ್ಟಿ ಬೇಡ. ಇದರಲ್ಲಿ ರಾಜಿಯಿಲ್ಲ.

ಇನ್ನು ನಮ್ಮ ಸೀಮೆಯದೇ ಆದ ಮನೆ, ಕಲ್ಲು ಚಪ್ಪಡಿಯ ಸೂರಿನದು. ನಂದಿಯ ತಪ್ಪಲಿನಿಂದ ಕಳವಾರ ದುರ್ಗದವರೆಗೆ, ಅಂದರೆ ಈಗ ಸ್ಕಂದಗಿರಿ ಎಂದು ಹೆಸರಾದ ಬೆಟ್ಟದವರೆಗೆ, ಎಲ್ಲಿ ನೋಡಿದರೂ ಕಣಶಿಲೆ. ಕಲ್ಲು ಸೀಳುವುದು ಗೊತ್ತಿದ್ದ ಜನ ಕಂಬಕ್ಕೂ ಕಲ್ಲು, ತೊಲೆಗೂ ಕಲ್ಲು, ಸೂರಿಗೂ ಕಲ್ಲು ಹಾಕಿದರು. ಮೇಲೆ ಮಣ್ಣು ಹರಡಿ ಗಾರೆ ಬಳಿದರು. ಬೇಸಿಗೆಗೆ ತಂಪಾದ, ನೂರು ವರ್ಷ ಬಾಳುವ ಮನೆಗಳವು. ಕೆಲವದರ ಮೇಲೆ ಈಚೆಗೆ ಮಹಡಿ ಎಬ್ಬಿಸಿದ್ದಾರೆ. ಕಲ್ಲಿಗಿಂತ ಗಟ್ಟಿ ಇನ್ನೇನಿದೆ ಎಂಬ ನಂಬಿಕೆಯಲ್ಲಿ ಆ ಚಪ್ಪಡಿಯ ಮೇಲೆ ಏನನ್ನು ಬೇಕಾದರೂ ಇಡುತ್ತಾರೆ.

ಅಪ್ಪಟ ಕಣಶಿಲೆ ಅದುಮುವ ಭಾರವನ್ನು ಕಾಂಕ್ರೀಟಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ತಡೆಯುತ್ತದೆ. ಬಾಗಿಸುವ ಭಾರದ ಮುಂದೆ ಅದರ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಇದನ್ನು ಪುಸ್ತಕದಲ್ಲಿ ಓದಬೇಕಿಲ್ಲ, ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋದರೆ ಕಾಣುತ್ತದೆ. ಒಂಬತ್ತನೇ ಶತಮಾನದಲ್ಲಿ ಮೊದಲಾಗಿ ಹಲವು ಅರಸುಮನೆತನಗಳ ಕಾಲದಲ್ಲಿ ಬೆಳೆದ ಆ ಗುಡಿಯ ಮಂಟಪಗಳಲ್ಲಿ ಕಂಬಗಳು ಎಷ್ಟು ಒತ್ತೊತ್ತಾಗಿ ನಿಂತಿವೆ! ಕೆತ್ತನೆಗೆ ಜಾಗ ಬೇಕೆಂದಷ್ಟೇ ಹಾಗೆ ನಿಲ್ಲಿಸಿದ್ದಲ್ಲ. ಕಂಬಗಳ ನಡುವೆ ಅಂತರ ಹೆಚ್ಚಿದರೆ ಮೇಲಿನ ಕಲ್ಲು ತೊಲೆ ತಡೆಯದು ಎಂಬುದು ಆ ಶಿಲ್ಪಿಗಳಿಗೆ ಗೊತ್ತಿತ್ತು. ಎಂಟಡಿ, ಹತ್ತಡಿ ಚಪ್ಪಡಿಯನ್ನು ಗೋಡೆಯಿಂದ ಗೋಡೆಗೆ ಹಾಸಿದ ನಮ್ಮ ಮನೆಗಳು ಆ ಎಚ್ಚರವನ್ನು ಆಗಲೇ ಸ್ವಲ್ಪ ಸಡಿಲಿಸಿವೆ.

ಲೆಕ್ಕ ಹಾಕಿದರೆ ಎಷ್ಟೋ ಸಲ ಚಪ್ಪಡಿಯೇ ಗೆಲ್ಲುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ಇಂಚು ದಪ್ಪದ, ಬಿರುಕಿಲ್ಲದ ಕಲ್ಲು ಎಂಟಡಿ ಅಂತರದಲ್ಲಿ ತೊಟ್ಟಿಯೊಂದನ್ನು ಹೊತ್ತುಕೊಂಡೀತು. ತೊಂದರೆಯಿರುವುದು ‘ಬಿರುಕಿಲ್ಲದ’ ಎಂಬ ಆ ಮಾತಿನಲ್ಲಿ. ಕಲ್ಲಿನೊಳಗಿನ ಸೀಳು ಮೇಲಿನಿಂದ ಕಾಣದು, ಮೇಲೆ ಮಣ್ಣು, ಕೆಳಗೆ ಸುಣ್ಣ. ಆ ಮಣ್ಣಿನ ಭಾರವೇ ಚದರ ಮೀಟರಿಗೆ 250 ಕೆ.ಜಿ. ತನಕ ಇರಬಹುದು, ಕಲ್ಲಿನ ಸ್ವಂತ ತೂಕ ಬೇರೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಆರ್‌ಸಿಸಿ ಸ್ಲ್ಯಾಬ್ ಇಡಿಯಾಗಿ ಒಂದೇ, ಒಂದು ಕಡೆಯ ಭಾರವನ್ನು ಪಕ್ಕದ ಭಾಗ ಹಂಚಿಕೊಳ್ಳುತ್ತದೆ. ಚಪ್ಪಡಿಗಳು ಒಂದರ ಪಕ್ಕ ಒಂದು ಮಲಗಿವೆ, ಯಾರ ಭಾರ ಯಾರಿಗೂ ಹೋಗುವುದಿಲ್ಲ. ಎರಡಡಿ ಅಗಲದ ಒಂದೇ ಚಪ್ಪಡಿಯ ಉದ್ದಕ್ಕೆ ತೊಟ್ಟಿ ಕೂತರೆ ಟನ್ ಭಾರ ಪೂರ್ತಿ ಆ ಒಂದು ಕಲ್ಲಿನದು. ಕೊನೆಯದಾಗಿ, ಕಂಬಿಯಿರುವ ಕಾಂಕ್ರೀಟ್ ಮುರಿಯುವ ಮುನ್ನ ಬಾಗುತ್ತದೆ, ಸೀಳು ಬಿಡುತ್ತದೆ, ಗಾರೆ ಉದುರಿಸುತ್ತದೆ, ನೋಡುವ ಕಣ್ಣಿದ್ದವರಿಗೆ ಎಚ್ಚರಿಕೆ ಕೊಡುತ್ತದೆ. ಕಲ್ಲು ಹಾಗೆ ಮಾಡುವುದಿಲ್ಲ. ಅದು ಮುರಿಯುವುದು ಒಂದೇ ಕ್ಷಣದಲ್ಲಿ. ಹೀಗಾಗಿ ಚಪ್ಪಡಿ ಸೂರಿನ ಮೇಲಿನ ಕೋಣೆಯಲ್ಲಿ ದೊಡ್ಡ ಅಕ್ವೇರಿಯಂ ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮನೆಯಲ್ಲಿ ಮೀನು ಸಾಕುವ ಆಸೆಯಿದ್ದರೆ ಕೆಳಗಿನ ಪಡಸಾಲೆಯಲ್ಲಿ ಸಾಕಿ, ಅಲ್ಲಿ ತಂಪೂ ಇದೆ.

ಹಳೆಯ ಪೇಟೆ ಬೀದಿಗಳಲ್ಲಿ ಮರದ ಜಂತೆಯ ಮೇಲೆ ತೆಳು ಇಟ್ಟಿಗೆ ಕೂರಿಸಿ ಗಾರೆ ಹಾಕಿದ ಮದ್ರಾಸ್ ತಾರಸಿಯ ಮಹಡಿಗಳು ಇನ್ನೂ ಉಳಿದಿದ್ದರೆ ಅವಕ್ಕೂ ಇದೇ ಮಾತು. ಜಂತೆಯ ತುದಿ ಗೋಡೆಯೊಳಗೆ ಹುದುಗಿರುತ್ತದೆ, ಗೆದ್ದಲು ಹಿಡಿಯುವುದೂ ಅಲ್ಲೇ. ಶಿಡ್ಲಘಟ್ಟದಲ್ಲಿ ಕೆಳಗೆ ರೇಷ್ಮೆ ರೀಲಿಂಗ್, ಮೇಲೆ ವಾಸ ಎಂಬ ಮನೆಯಿದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಗೂಡು ಬೇಯಿಸುವ ಬಿಸಿನೀರಿನ ಹಬೆ ಸೂರಿಗೆ ತಾಗುತ್ತಲೇ ಇದ್ದರೆ ಸ್ಲ್ಯಾಬಿನೊಳಗಿನ ಕಂಬಿಗೆ ತುಕ್ಕು ಬೇಗ ಹಿಡಿಯುತ್ತದೆ. ಸೂರಿನಲ್ಲಿ ಕಂಬಿಯ ನೇರಕ್ಕೆ ಕಂದು ಗೆರೆ, ಉಬ್ಬಿದ ಗಾರೆ ಕಂಡರೆ ಮೇಲೆ ಏನನ್ನೂ ಹೇರುವ ಮಾತು ಬೇಡ.

ಹಾಗಾದರೆ ನೆಲಮಹಡಿ ನಿಶ್ಚಿಂತೆಯೇ? ಬಹುಪಾಲು ಹೌದು. ಗಟ್ಟಿ ಮೊರಂ ನೆಲ ಚದರ ಮೀಟರಿಗೆ 20 ಟನ್ ಸುಮಾರು ಹೊರುತ್ತದೆ. ನಮ್ಮ ತೊಟ್ಟಿ ಹೇರುವುದು ಒಂದು ಟನ್ ಕೂಡ ಅಲ್ಲ. ಆದರೆ ಟೈಲ್ಸ್ ಕೂತಿರುವುದು ಮೊರಂ ಮೇಲಲ್ಲ, ಪಾಯದ ಗೋಡೆಗಳ ನಡುವೆ ತುಂಬಿದ ಮಣ್ಣಿನ ಮೇಲೆ. ಪದರ ಪದರವಾಗಿ ನೀರು ಹಾಕಿ ದಿಮ್ಮಸು ಮಾಡಿದ್ದರೆ ಸರಿ, ಟ್ರ್ಯಾಕ್ಟರ್ ಮಣ್ಣು ಸುರಿದು ಮೇಲೆ ಕಾಂಕ್ರೀಟ್ ಎಳೆದಿದ್ದರೆ ಆ ಮಣ್ಣು ವರ್ಷಗಳವರೆಗೆ ಕುಸಿಯುತ್ತಲೇ ಇರುತ್ತದೆ. ಕೆರೆಯಂಚಿನ ಲೇಔಟುಗಳಲ್ಲಿ ಈ ಕುಸಿತ ಹೆಚ್ಚು. ನೆಲಕ್ಕೂ ಗೋಡೆಗೂ ನಡುವೆ, ಸ್ಕರ್ಟಿಂಗ್ ಅಡಿಯಲ್ಲಿ ಸಂದು ಬಿಟ್ಟಿದ್ದರೆ ನೆಲ ಇಳಿಯುತ್ತಿದೆ ಎಂದೇ ಅರ್ಥ.

ಇದಕ್ಕಿಂತ ದೊಡ್ಡ ಅಪಾಯವನ್ನು ನಾವೇ ತೋಡಿಟ್ಟುಕೊಂಡಿದ್ದೇವೆ. ವಾಸ್ತು ಪ್ರಕಾರ ಸಂಪ್ ಈಶಾನ್ಯದಲ್ಲಿರಬೇಕು. ಅಕ್ವೇರಿಯಂ ಕೂಡ ಈಶಾನ್ಯದಲ್ಲೇ ಇರಬೇಕು ಎನ್ನುತ್ತಾರೆ. ಚಿಕ್ಕ ನಿವೇಶನದಲ್ಲಿ ಅಂಗಳಕ್ಕೆ ಜಾಗವಿರದೆ ಸಂಪು ಪೋರ್ಟಿಕೋದಡಿಗೆ, ಕೆಲವೊಮ್ಮೆ ಹಾಲ್‌ನ ಮೂಲೆಯಡಿಗೇ ಬಂದಿರುತ್ತದೆ. ಮೇಲೆ ಮುಚ್ಚಿರುವುದು ತೆಳು ಸ್ಲ್ಯಾಬು ಅಥವಾ ಚಪ್ಪಡಿ, ಅದರ ಮೇಲೆ ಮಿಕ್ಕ ನೆಲದ್ದೇ ಟೈಲ್ಸ್. ಮನೆ ಕಟ್ಟಿಸಿದ ತಂದೆಗೆ ಅದು ಗೊತ್ತಿರುತ್ತದೆ, ಮಗನಿಗೆ ಮರೆತಿರುತ್ತದೆ, ಬಾಡಿಗೆಗೆ ಬಂದವರಿಗೆ ತಿಳಿದೇ ಇರುವುದಿಲ್ಲ. ನೆಲಮಹಡಿ ಎಂಬ ಧೈರ್ಯದಲ್ಲಿ ಒಂದು ಟನ್ ನೀರನ್ನು ಟೊಳ್ಳಿನ ಮೇಲೆ ಕೂರಿಸುತ್ತೇವೆ. ಇಡೀ ಸಂಪಿನ ಮುಚ್ಚಳ ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂದು ಅಳೆದು, ಅದರಾಚೆಗೆ ತೊಟ್ಟಿ ಇಡಿ. ಹಳೆಯ ಮನೆಯಾದರೆ ಮುಚ್ಚಿಹೋದ ಶೌಚಗುಂಡಿ, ಹೂತ ಬಾವಿ, ಕಣಜ ಇತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ಅವರಿಗೆ ಗೊತ್ತಿರುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ನೆಲ ಅಲುಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2021ರ ನವೆಂಬರ್‌ನಲ್ಲಿ ಸುರಿದ ಮಳೆಯನ್ನು ಈ ಭಾಗದವರು ಮರೆತಿಲ್ಲ. ಕಂದವಾರ ಕೆರೆ ಕೋಡಿ ಹರಿಯಿತು, ಜಿಲ್ಲೆಯಲ್ಲಿ ನೆನೆದ ಮಣ್ಣುಗೋಡೆಯ ಮನೆಗಳು ಕುಸಿದವು. ಅದರ ಬೆನ್ನಿಗೇ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಸುತ್ತಮುತ್ತ ಭೂಮಿ ಎರಡು ಸಲ ಕಂಪಿಸಿತು, ತೀವ್ರತೆ 2.9 ಮತ್ತು 3.0. ನಮ್ಮದು ಗಟ್ಟಿ ಶಿಲೆಯ ನಾಡು. 1960ರ ದಶಕದಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರ ದೂರದೂರದ ಕಂಪನಗಳನ್ನು ಅಳೆಯಲು ತನ್ನ ಭೂಕಂಪಮಾಪಕಗಳ ಜಾಲವನ್ನು ಗೌರಿಬಿದನೂರಿನಲ್ಲಿ ಹಾಸಿತು. ಅಂಥ ಕೆಲಸಕ್ಕೆ ಗದ್ದಲವಿಲ್ಲದ ಗಟ್ಟಿ ನೆಲವೇ ಬೇಕು. ಮಂಡಿಕಲ್‌ನಲ್ಲಿ ಆದಂಥ ಸಣ್ಣ ಕಂಪನಕ್ಕೆ ಒಳ್ಳೆಯ ಕಟ್ಟಡ ಬೀಳುವುದಿಲ್ಲ. ಆದರೆ ತೊಟ್ಟಿಯ ನೀರು ಗಾಜಿಗೆ ಬಡಿದು ತುಳುಕುತ್ತದೆ, ಎತ್ತರದ ಸಪೂರ ಸ್ಟ್ಯಾಂಡ್ ಓಲಾಡುತ್ತದೆ. ಕ್ವಾರಿಯ ಸ್ಫೋಟಕ್ಕೆ ಪಾತ್ರೆ ಅದುರುವ ಊರುಗಳಲ್ಲಂತೂ ಇದು ಆಗಾಗಿನ ಮಾತು. ಸ್ಟ್ಯಾಂಡ್ ಗಿಡ್ಡವಿರಲಿ, ತೊಟ್ಟಿಗಿಂತ ಅಗಲ ಕಡಿಮೆಯಾಗದಿರಲಿ, ಅಡ್ಡಪಟ್ಟಿ ಬೆಸುಗೆ ಹಾಕಿಸಿರಲಿ.

ಸ್ಟ್ಯಾಂಡಿನ ವಿಷಯ ಬಂದದ್ದರಿಂದ ಒಂದು ಮಾತು. ನಾಲ್ಕು ಕಾಲಿನ ಸ್ಟ್ಯಾಂಡ್ ಆದರೆ ಟನ್ ಭಾರದಲ್ಲಿ ಒಂದೊಂದು ಕಾಲಿನ ಪಾಲು 250 ಕೆ.ಜಿ. ವಾಸದ ಕೋಣೆಯ ನೆಲ ಒಂದೇ ಕಡೆ ತಡೆಯಬೇಕೆಂದು ಸಂಹಿತೆ ಹೇಳುವ ಭಾರ 1.8 ಕಿಲೋನ್ಯೂಟನ್, ಅಂದರೆ ಸುಮಾರು 180 ಕೆ.ಜಿ. ಒಂದೂವರೆ ಇಂಚಿನ ಪೈಪಿನ ಕಾಲು ವಿಟ್ರಿಫೈಡ್ ಟೈಲ್ಸ್ ಮೇಲೆ ನಿಂತಿದೆ, ಟೈಲ್ಸ್ ಅಡಿಯಲ್ಲಿ ಸಿಮೆಂಟ್ ಪೂರ್ತಿ ಕೂತಿಲ್ಲ ಎಂದರೆ ಟೈಲ್ಸ್ ಬಿರಿಯುತ್ತದೆ, ಕಾಲು ಕೂದಲೆಳೆಯಷ್ಟು ಇಳಿಯುತ್ತದೆ. ಅಷ್ಟು ಸಾಕು, ಗಾಜಿನ ಅಡಿ ತಿರುಚಿಕೊಳ್ಳಲು. ನಿಜ ಹೇಳಬೇಕೆಂದರೆ ಮನೆಗಳಲ್ಲಿ ಮೊದಲು ಸೋಲುವುದು ಸ್ಲ್ಯಾಬ್ ಅಲ್ಲ, ಗಾಜು. ನಾಣ್ಯದಿಂದ ಟೈಲ್ಸ್ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಕಾಲು ಬರಬಾರದು. ಕಾಲುಗಳ ಕೆಳಗೆ ಉದ್ದಕ್ಕೂ ಕಬ್ಬಿಣದ ಪಟ್ಟಿ ಅಥವಾ ದಪ್ಪ ಪ್ಲೈವುಡ್ ಹಾಕಿದರೆ ಭಾರ ಹರಡುತ್ತದೆ. ಅಂಚುಪಟ್ಟಿಯಿಲ್ಲದ ಗಾಜಿನ ತೊಟ್ಟಿಯಾದರೆ ಸ್ಟ್ಯಾಂಡಿಗೂ ಗಾಜಿಗೂ ನಡುವೆ ಥರ್ಮೋಕೋಲ್ ಹಾಳೆ ಇರಲಿ. ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ.

ನೀರು ತುಂಬುವುದರಲ್ಲಿ ಆತುರ ಬೇಡ. ಮೊದಲ ದಿನ ಮೂರನೇ ಒಂದು ಭಾಗ ತುಂಬಿ ಬಿಡಿ. ಮಾರನೆಯ ದಿನ ರಸಮಟ್ಟ ಮತ್ತೆ ನೋಡಿ, ಕೆಳಮನೆಯ ಸೂರಿಗೆ ಟಾರ್ಚ್ ಹಿಡಿದು ಹೊಸ ಸೀಳಿದೆಯೇ ಎಂದು ನೋಡಿ, ಆಮೇಲೆ ಉಳಿದದ್ದು. ತುಂಬುವ ಮೊದಲೇ ಆ ಸೂರಿನ ಫೋಟೋ ತೆಗೆದಿಟ್ಟುಕೊಂಡಿದ್ದರೆ ಹಳೆಯ ಸೀಳು ಯಾವುದು, ಹೊಸದು ಯಾವುದು ಎಂದು ಜಗಳವಿರದು. ಮೊದಲ ವಾರ ದಾಟಿತೆಂದು ಮರೆತುಬಿಡುವಂತೆಯೂ ಇಲ್ಲ. ನೆಂಟರು ಬಂದು ಹೋಗುತ್ತಾರೆ, ಅವರ ಭಾರವೂ ಅವರ ಜೊತೆ ಹೋಗುತ್ತದೆ. ತೊಟ್ಟಿ ಹಗಲೂ ರಾತ್ರಿ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅಂಥ ಭಾರದಡಿ ಕಾಂಕ್ರೀಟ್ ನಿಧಾನವಾಗಿ ಬಾಗುತ್ತಲೇ ಇರುತ್ತದೆ, ಕೆಲವು ವರ್ಷಗಳಲ್ಲಿ ಆ ಬಾಗು ಮೊದಲ ದಿನದ ಎರಡರಷ್ಟಾಗಬಹುದು. ಐಎಸ್ 456 ಸಂಹಿತೆ ಒಪ್ಪುವ ಒಟ್ಟು ಬಾಗು ಅಂತರದ 250ನೇ ಒಂದು ಪಾಲು. ಮೂರು ಮೀಟರಿಗೆ 12 ಮಿಲಿಮೀಟರ್. ಸೂರಿನಡಿ ಗೋಡೆಯಿಂದ ಗೋಡೆಗೆ ದಾರ ಬಿಗಿದು ಆಗಾಗ ಅಳೆದರೆ ಇದು ಯಾರಿಗಾದರೂ ತಿಳಿಯುತ್ತದೆ.

ಅಮೆರಿಕದಲ್ಲಿ ನೆಲೆಸಿದ ನಮ್ಮ ಮಕ್ಕಳು ಫೋನಿನಲ್ಲಿ ‘ಇಲ್ಲಿ ಎಲ್ಲರೂ ಮಹಡಿಯಲ್ಲಿ ಇಡ್ತಾರೆ’ ಎನ್ನಬಹುದು. ಅಲ್ಲಿನ ವಾಸದ ಕೋಣೆಯ ನಿಗದಿಯೂ ಚದರ ಅಡಿಗೆ 40 ಪೌಂಡ್, ಬಿಡಿಸಿದರೆ ನಮ್ಮ 200 ಕೆ.ಜಿ. ಹತ್ತಿರವೇ ಬರುತ್ತದೆ. ಆದರೆ ಅಲ್ಲಿಯ ಮನೆ ಮರದ್ದು. ನಮ್ಮ ಐದು ಇಂಚಿನ ಆರ್‌ಸಿಸಿ ಚದರ ಮೀಟರಿಗೆ 300 ಕೆ.ಜಿ. ಮೀರಿದ ತನ್ನ ಸ್ವಂತ ತೂಕವನ್ನೇ ಹೊತ್ತು ನಿಂತಿರುತ್ತದೆ, ಹಾಗಾಗಿ ತೊಟ್ಟಿ ಸೇರಿಸಿದಾಗ ಒಟ್ಟು ಭಾರ ಅಷ್ಟು ಜಾಸ್ತಿ ಏರುವುದಿಲ್ಲ. ಹಗುರ ಮರದ ನೆಲಕ್ಕೆ ಅದೇ ತೊಟ್ಟಿ ದೊಡ್ಡ ಹೊರೆ. ಅಲ್ಲಿಯವರು ತೊಟ್ಟಿಯನ್ನು ಜಂತೆಗಳಿಗೆ ಅಡ್ಡಲಾಗಿ ಇಡಬೇಕು, ಒಂದೇ ಜಂತೆಯ ನೇರಕ್ಕಲ್ಲ. ಚೆನ್ನಾಗಿ ಕಟ್ಟಿದ ಆರ್‌ಸಿಸಿ ಮನೆಯವರು ಈ ವಿಷಯದಲ್ಲಿ ಪುಣ್ಯವಂತರು. ‘ಚೆನ್ನಾಗಿ ಕಟ್ಟಿದ’ ಎಂಬುದನ್ನು ಮಾತ್ರ ಖಾತರಿ ಮಾಡಿಕೊಳ್ಳಬೇಕು.

ನೆಲ ಗಟ್ಟಿಯಿದ್ದೂ ತೊಟ್ಟಿ ಒಡೆಯುವುದುಂಟು. ಬರ್ಲಿನ್‌ನ ಹೋಟೆಲಿನೊಳಗೆ ಹತ್ತು ಲಕ್ಷ ಲೀಟರ್ ನೀರಿದ್ದ ಅಕ್ವಾಡೋಮ್ 2022ರ ಡಿಸೆಂಬರ್ 16ರ ನಸುಕಿನಲ್ಲಿ ಸಿಡಿದು, ಸುಮಾರು 1,500 ಮೀನುಗಳಲ್ಲಿ ಬಹುಪಾಲು ಸತ್ತವು. ನಸುಕಾದ್ದರಿಂದ ಅಲ್ಲಿ ಹೆಚ್ಚು ಜನರಿರಲಿಲ್ಲ, ಪುಣ್ಯ. ನಮ್ಮ ಹಾಲ್‌ನಲ್ಲಿ 600 ಲೀಟರ್ ಚೆಲ್ಲಿದರೆ ಹನ್ನೆರಡಡಿಗೆ ಹದಿನೈದಡಿ ಕೋಣೆಯಲ್ಲಿ ಒಂದೂವರೆ ಇಂಚು ನೀರು ನಿಲ್ಲುತ್ತದೆ. ಸ್ವಿಚ್ ಬೋರ್ಡ್, ಎಕ್ಸ್‌ಟೆನ್ಷನ್ ಪೆಟ್ಟಿಗೆ ನೆಲದ ಮೇಲಿರಬಾರದು.

ಮತ್ತೆ ಆ ನೀರಾದರೂ ಎಲ್ಲಿಂದ ಬರಬೇಕು? ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೊಳವೆಬಾವಿ ಸಾವಿರ ಅಡಿ ದಾಟಿದ ಜಿಲ್ಲೆ ಇದು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೂ 150 ಲೀಟರ್ ಆಯಿತು. ಅದನ್ನು ಮೋರಿಗೆ ಬಿಡಬೇಡಿ, ಉಪ್ಪು ಹಾಕದ ತೊಟ್ಟಿಯ ನೀರು ಗಿಡಕ್ಕೆ ಗೊಬ್ಬರ. ನೀರನ್ನು ಇಷ್ಟು ಕಷ್ಟಪಟ್ಟು ತರುವ ಊರಿನಲ್ಲಿ ಆರಡಿಯ ತೊಟ್ಟಿ ಬೇಕೇ, ನಾಲ್ಕಡಿಯದಕ್ಕೆ ಹೊಂದುವ ಮೀನು ಸಾಲದೇ ಎಂದು ಒಮ್ಮೆ ಯೋಚಿಸುವುದೂ ಒಳ್ಳೆಯದು.

ಬಾಡಿಗೆ ಅಥವಾ ಭೋಗ್ಯದ ಮನೆಯಲ್ಲಿರುವವರು ಮಾಲೀಕರನ್ನು ಕೇಳದೆ ದೊಡ್ಡ ತೊಟ್ಟಿ ಇಡಬಾರದು. ಕೆಳಗೆ ಇನ್ನೊಂದು ಸಂಸಾರ ಮಲಗುತ್ತದೆ, ಅವರ ತಲೆಯ ಮೇಲೆ ಏನು ಬರಲಿದೆ ಎಂದು ತಿಳಿಯುವ ಹಕ್ಕು ಅವರಿಗೂ ಇದೆ. ಸ್ವಂತ ಮನೆಯವರು ಸ್ಟ್ರಕ್ಚರಲ್ ಎಂಜಿನಿಯರನ್ನು ಒಂದು ಗಂಟೆ ಕರೆಸಿ ತೋರಿಸಿ. ತೊಟ್ಟಿ, ಸ್ಟ್ಯಾಂಡ್, ಮೀನಿಗೆ ಸುರಿಯುವ ಹಣದ ಮುಂದೆ ಆ ಖರ್ಚು ದೊಡ್ಡದಲ್ಲ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇರುವ ಜಿಲ್ಲೆ ಇದು, ಚಿಕ್ಕಬಳ್ಳಾಪುರದಲ್ಲೇ ಎಂಜಿನಿಯರಿಂಗ್ ಕಾಲೇಜಿದೆ, ಲೆಕ್ಕ ಬಲ್ಲವರು ದೂರವಿಲ್ಲ. ಆದರೆ ಎಂಜಿನಿಯರ್ ಬಂದು ಮೊದಲು ಕೇಳುವುದು ಕಂಬಿಯ ನಕ್ಷೆಯನ್ನು. ಅದು ನಮ್ಮ ಬಹುತೇಕ ಮನೆಗಳಲ್ಲಿ ಇಲ್ಲ. ಮನೆ ಮುಗಿದ ದಿನವೇ ಕಂಟ್ರ್ಯಾಕ್ಟರ್ ಜೇಬಿನಲ್ಲಿ ಹೊರಟುಹೋಗಿರುತ್ತದೆ. ಈಗ ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಒಂದು ಕೆಲಸ ಮಾಡಿ: ಮೋಲ್ಡ್ ಹಾಕುವ ಹಿಂದಿನ ದಿನ ಕಂಬಿ ಕಟ್ಟಿದ್ದನ್ನು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಸಂಪು ಎಲ್ಲಿದೆ, ಎಷ್ಟಗಲ ಎಂದು ಬರೆದುಕೊಳ್ಳಿ, ಎಂಜಿನಿಯರ್ ಸಹಿ ಮಾಡಿದ ನಕ್ಷೆಯ ಒಂದು ಪ್ರತಿ ಕೇಳಿ ಪಡೆದು ಕ್ರಯಪತ್ರದ ಜೊತೆಯಲ್ಲೇ ಬೀರುವಿನಲ್ಲಿಡಿ.